ಒಡ್ಡಿದ ಸೆರಗು

ಮುಂದೆ ನಿಂತವನ ಚಪ್ಪಲಿಗೆ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿದೆ, ಸಾಲು ಸರಿದರೆ ಅದೂ ಸರಿಯುತ್ತದೆ, ಎಲ್ಲಿ ಉದುರೀತು ಎಂದು ಶೈಲಾ ನೋಡುತ್ತಲೇ ಇದ್ದಾಳೆ — ಚೀಲದೊಳಗಿನ ತೆಂಗಿನಕಾಯಿ ಮೊಣಕಾಲಿಗೆ ಬಡಿಯುತ್ತದೆ, ಅಕ್ಕಿ, ಅರಿಶಿನ ಬೇರು, ಹಸಿರು ಕುಪ್ಪಸದ ಖಣ, ಎಲ್ಲ ಅವ್ವನೇ ಕಟ್ಟಿಕೊಟ್ಟದ್ದು, ಬೆಳಿಗ್ಗೆ ರೇಡಿಯೋ ಸುದ್ದಿ ಮುಗಿಯುವ ಮೊದಲೇ ತಲೆಯ ಮೇಲೆ ನೀರು ಹಾಕಿಕೊಂಡು ಬಂದಿದ್ದಳು ಅವ್ವ, ಸತ್ತದ್ದು ಹಾಡುವ ವೇಣುಬಾಯಿ ತಿಕೋಟಿಕರ, ಸೂತಕದ ನೀರು ಹಾಕಿಕೊಂಡದ್ದು ಹಡಪಸರದ ಸಾವಂತ್ರವ್ವ, ಯಾವ ಸಂಬಂಧಕ್ಕೆ? ಕೊನೆಯ ದರ್ಶನಕ್ಕೆ ಈ ಸಭಾಗೃಹದ ಅಂಗಳದ ತುಂಬ ಹೀಗೇ ಸಂಬಂಧವಿಲ್ಲದವರು, ಒಬ್ಬ ಮುದುಕ ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದಾನೆ, ಕಾಣದವರಿಗಾಗಿ ಬರುವ ಅಳು ಎಲ್ಲಿಂದ ಬರುತ್ತದೆ, ಕಿವಿಯಿಂದಲೇ ಕಣ್ಣಿಗೆ ಇಳಿಯುತ್ತದೆಯೋ ಏನೋ — ಚೀಲದಲ್ಲಿ ಎಂತದು ಮಾರಾಯ್ತಿ, ಹಿಂದಿನಿಂದ ಓಣಿಯ ಹೋಟೆಲಿನ ಉಮಾವತಿಯಕ್ಕ, ಉಡಿ ತುಂಬಲಿಕ್ಕಾ, ಅದು ಮುತ್ತೈದೆಯಾಗಿ ಸತ್ತವರಿಗಲ್ಲವಾ, ಅವರಿಗೆ ಮದುವೆಯೇ ಆಗಿರಲಿಲ್ಲವಂತೆ, ಅಷ್ಟರಲ್ಲಿ ಕ್ಯಾಸೆಟ್ಟಿನ ಮುದುಕ ಅಳು ನಿಲ್ಲಿಸಿ ಹೊರಳುತ್ತಾನೆ, ಆಗಿತ್ತ್ರೀ, ದೌಂಡದಾಗ ಒಬ್ಬ ರೇಲ್ವೆ ಗಾರ್ಡ ಇದ್ದ, ಅವನ ಪಕ್ಕದವನು ಬಿಡುತ್ತಾನೆಯೇ, ಏ ಹುಚ್ಚಪ್ಪಾ, ಅಂವ ತಬಲಾ ಬಾರಸಾಂವ, ಗಾರ್ಡ ಅಂತ ಗಾರ್ಡ, ಸಾವಿನ ಅಂಗಳದಲ್ಲೂ ನಗು, ಶೈಲಾಗೂ ತುಟಿಯಂಚಿಗೆ ಬಂದ ನಗು, ಹಾಗಾದರೆ ಕ್ಯಾಸೆಟ್ಟಿನ ಮುಖಪುಟದ ಹಣೆಯ ಮೇಲೆ ಆ ರೂಪಾಯಿ ಅಗಲದ ಕುಂಕುಮ ಯಾರ ಹೆಸರಿನದು?

ಅದನ್ನೇ ಅವ್ವ ಹೇಳಿದ್ದು, ಒದ್ದೆ ಕೂದಲಲ್ಲಿ ಅಕ್ಕಿ ಅಳೆಯುತ್ತ, ನಿಮ್ಮಪ್ಪ ತೀರಿಕೊಂಡ ವರ್ಷ, ಗಣಪತಿ ಮಂಡಳದಾಗ ವೇಣುಬಾಯಿ ಅವರ ಹಾಡು ಇತ್ತು, ಅರಿಶಿನ ಕುಂಕುಮಕ್ಕ ಯಾರೂ ಕರೀತಿರಲಿಲ್ಲ ನನ್ನ, ಕಂಬದ ಹಿಂದ ಕುಂತಿದ್ದೆ, ಹಾಡು ಮುಗಿದ ಮ್ಯಾಲೆ ಅವರಿಗೆ ಉಡಿ ತುಂಬಿದ್ರು, ಅದನ್ನ ಹಿಡಕೊಂಡು ಇಳದು ನೆಟ್ಟಗ ನನ್ನ ಕಡೆ ಬಂದ್ರು, ನಂದು ಕುಂಕುಮ ಅಳಿಸೇದ ರೀ ಬಾಯಿ ಅಂದೆ, ನಂಗರ ಯಾರ ಹಚ್ಚ್ಯಾರ, ನಾನ ಹಚ್ಚಿಕೊಂಡೀನಿ, ಸೆರಗ ಒಡ್ಡ ತಂಗಿ ಅಂದ್ರು — ಒಡ್ಡಿದ ಸೆರಗು ನಡುಗಿ ನಡುಗಿ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತಂತೆ, ನೀ ಹೋಗ ಶೈಲಾ, ನಾ ಹ್ವಾದ್ರ ಮಂದಿ ಕೈ ಹಿಡದು ತಡೀತಾರ, ಮದುವಿ ಆಗಲಾರದಾಕಿ ನಾ ತುಂಬಬಹುದೇನವ್ವ ಎಂದರೆ ಅವ್ವ, ಅವರು ಕೇಳಿದ್ರೇನ ಯಾರನ್ನರ? ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಬಾಯಿ ಬಾರದ ತನ್ನನ್ನು ಅವ್ವ ಎಂಥ ಕಡೆಗೆ ಕಳಿಸಿದಳು, ಹಾಗೇ ತಿರುಗಿ ಹೋದರೆ ಏನು ಹೇಳುವುದು, ಗದ್ದಲ ಇತ್ತು ಎನ್ನಬಹುದು, ಅವ್ವ ಹೂಂ ಎಂದು ಅಕ್ಕಿಯನ್ನು ಡಬ್ಬಿಗೆ ಮರಳಿ ಸುರಿಯುತ್ತಾಳೆ, ಆ ಹೂಂ — ಚಪ್ಪಲಿ ಬಿಡುವ ಜಾಗ ಬಂದೇಬಿಟ್ಟಿತು, ಎಸಳು ಚಪ್ಪಲಿಯ ಜೊತೆಗೇ ಹೊರಗುಳಿಯಿತು, ಒಳಗೆ ಊದಿನಕಡ್ಡಿಯ ಹೊಗೆ, ಸಂಘಗಳ ಹೆಸರು ಹೊತ್ತ ಹಾರಗಳ ರಾಶಿ, ರಾಶಿಯ ತುದಿಗೆ ವೇಣುಬಾಯಿಯ ಸಣ್ಣ ಮುಖ, ಕುಂಕುಮ ಇದೆ, ಸೆರಗು ಎಲ್ಲಿ? ಚಲಾ ಪುಢೇ ಚಲಾ, ಸಾಲನ್ನು ಮುಂದೆ ಸಾಗಿಸುತ್ತಿದ್ದ ಬಿಲ್ಲೆ ಹಚ್ಚಿಕೊಂಡ ಸ್ವಯಂಸೇವಕ ತೆಂಗಿನಕಾಯಿ ಕಂಡು ಕೈ ಅಡ್ಡ ಹಿಡಿದ, ಹಾರ ಅಷ್ಟ ರೀ, ಇದೆಲ್ಲಾ ಮನಿಯವರದು, ನೀವು ಅವರ ಪೈಕಿ ಏನ? ಅವರು ನಮ್ಮವ್ವಗ ಉಡಿ ತುಂಬಿದ್ರು ರೀ, ಯಾರ ದನಿ ಇದು, ಇಷ್ಟು ದೊಡ್ಡದು, ತನ್ನದೇ, ನಮ್ಮವ್ವ ವಿಧವೆ, ಆದರೂ ತುಂಬಿದ್ರು — ಅವನ ಕೈ ಇಳಿಯಿತು, ಸ್ವಲ್ಪ ಸರಿಯಿರಿ ಎನ್ನುತ್ತ ಉಮಾವತಿಯಕ್ಕನೇ ಬಾಗಿ ಹಾರಗಳನ್ನು ಬದಿಗೆ ಎಳೆಯುತ್ತಿದ್ದಾಳೆ, ಒಂದು, ಇನ್ನೊಂದು, ಅಡಿಯಲ್ಲಿ ನೇರಳೆಹಣ್ಣಿನ ಜಾಂಬಳಿ ಬಣ್ಣದ ಸೆರಗು, ಶೈಲಾ, ಉಮಾವತಿಯಕ್ಕ ಇಬ್ಬರೂ ಅಂಚು ಹಿಡಿದು ಒಡ್ಡುತ್ತಾರೆ, ಶೈಲಾ ತುಂಬುತ್ತಾಳೆ, ಖಣ, ಕಾಯಿ, ಬೊಗಸೆ ಅಕ್ಕಿ, ಅವ್ವನ ಸೆರಗು ನಡುಗಿತ್ತಲ್ಲ, ನೆಲಕ್ಕೆ ಚೆಲ್ಲಿತ್ತಲ್ಲ, ಇದು, ಈ ಸೆರಗು — ಒಂದು ಕಾಳೂ ಚೆಲ್ಲುವುದಿಲ್ಲ, ಅಲುಗುವುದೇ ಇಲ್ಲ, ಸೆರಗು