ಬಿಳೇ ಬಟಾಟಿ

"ಬಟಾಟಿ ಅಂದ್ರ ಯಾವುವು ಸೋಮಕ್ಕಾ? ಬಿಳೇವೇನು?"

ಉಚ್ಚಂಗೆವ್ವ ರೊಕ್ಕದ ಗಲ್ಲೆಯ ಹಿಂದಿನಿಂದ ಅರ್ಧ ಎದ್ದು, ದನಿ ತಗ್ಗಿಸಿ ಕೇಳಿದಳು. ಆಲೂಗಡ್ಡೆ ಕೊಡುವುದರಲ್ಲಿ ದನಿ ತಗ್ಗಿಸುವಂಥದ್ದೇನಿದೆ ಎಂದು ಸೋಮವ್ವನಿಗೆ ತಿಳಿಯಲಿಲ್ಲ. ಬ್ಯಾಡಗಿಯ ಆ ಓಣಿಗೆಲ್ಲ ಶಂಕ್ರಪ್ಪನದೊಂದೇ ಕಿರಾಣಿ ಅಂಗಡಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಶಂಕ್ರಪ್ಪ ಪೇಟೆ ಸುತ್ತುತ್ತಿದ್ದ, ಗಲ್ಲೆಗೆ ಅವನ ಹೆಂಡತಿ ಉಚ್ಚಂಗೆವ್ವ ಕೂರುತ್ತಿದ್ದಳು. ಸೋಮವ್ವನ ಮನೆಯ ಸಾಮಾನು ಒಯ್ಯುವವಳು ಸೊಸೆ ಸುರೇಖಾ. ಆವತ್ತು ಸುರೇಖಾ ಗಂಡನ ಸಂಗಡ ರಾಣೆಬೆನ್ನೂರಿಗೆ, ಬಸಿರಿನ ತಪಾಸಣೆಗೆ ಹೋಗಿದ್ದರಿಂದ ಸೋಮವ್ವನೇ ಚೀಲ ಹಿಡಿದು ಬಂದಿದ್ದಳು.

"ಬಟಾಟ್ಯಾಗೂ ಬಿಳೇವು ಕರೇವು ಅಂತ ಬಂದಾವೇನ ಈಗ?"

"ಹಗೂರ ಮಾತಾಡ್ರಿ. ನಿಮ್ಮ ಮನಿಗೆ ಹೋಗತಾವಲ್ಲ, ಸುರೇಖಾ ಒಯ್ಯತಾಳಲ್ಲ, ಅವೇನಂತ ಕೇಳಿದೆ."

"ಮತ್ತ್ಯಾವು? ಅವನ್ನ ಕೊಡು."

ಉಚ್ಚಂಗೆವ್ವ ಒಳಗೆ ಹೋಗಿ ಬೆಲ್ಲದ ಪೆಂಟೆಗಳ ಹಿಂದಿನಿಂದ ಒಂದು ಪೇಪರಿನ ಪೊಟ್ಟಣ ತಂದಳು. ತಾನೇ ಚೀಲದ ತಳಕ್ಕೆ ಮೆತ್ತಗೆ ಇಟ್ಟು, ಮೇಲೆ ಕೊತ್ತಂಬರಿ ಸಿವುಡು ಮುಚ್ಚಿದಳು. "ಆರದಾವು. ಹದಿನೈದು ರೂಪಾಯಿ."

ಬಟಾಟಿಯನ್ನು ತೂಗುವುದು ಬಿಟ್ಟು ಎಣಿಸುವುದು ಯಾವಾಗಿನಿಂದ ಎಂದು ಕೇಳಲು ಸೋಮವ್ವ ಬಾಯಿ ತೆರೆದಳು. ಹಿಂದೆ ಇನ್ಯಾರೋ ಮೆಟ್ಟಿಲು ಹತ್ತಿದರು. ಉಚ್ಚಂಗೆವ್ವ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಹೊಡೆದಳು. ಅರವತ್ತು ದಾಟಿದ ಹೆಂಗಸಿಗೆ ಕಣ್ಣು ಹೊಡೆಯುವುದೆಂದರೇನು! ಸೋಮವ್ವ ಆ ಗಾಬರಿಯಲ್ಲಿ ರೊಕ್ಕ ಕೊಟ್ಟು ಕೆಳಗಿಳಿದೇಬಿಟ್ಟಳು. ದೇವರಿಗೆ ಒಡೆಯುವ ಕಾಯಿಗೂ ನಾಲ್ಕಾಣೆ ಬಿಡಿಸಿಕೊಳ್ಳದೆ ಬಾರದವಳು, ಚೌಕಾಸಿ ಮಾಡದೆ ಸಾಮಾನು ತಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಪೊಟ್ಟಣ ಬಿಚ್ಚಿದಳು. ಆರು ಕೋಳಿ ತತ್ತಿ.

"ಶಿವಶಿವಾ!" ಎಂದು ಕೈ ಹಿಂದಕ್ಕೆಳೆದುಕೊಂಡಳು. ಆ ಉಚ್ಚಂಗಿಗೆ ಕಣ್ಣು ಮಂಜಾಗಿವೆ, ಯಾರಿಗೋ ಕಟ್ಟಿದ್ದನ್ನು ತನಗೆ ಕೊಟ್ಟಿದ್ದಾಳೆ, ಈಗಲೇ ಹೋಗಿ ಮಾರಿಗೆ ಎಸೆದು ಬರುತ್ತೇನೆ ಎಂದು ಎದ್ದಳು. ಹೊಸ್ತಿಲವರೆಗೆ ಬಂದಾಗ 'ನಿಮ್ಮ ಮನಿಗೆ ಹೋಗತಾವಲ್ಲ' ಎಂದ ಮಾತು ನೆನಪಾಗಿ ಕಾಲು ನಿಂತವು.

ಎರಡು ತಿಂಗಳಿಂದ ಸುರೇಖಾ ಎಲ್ಲರಿಗಿಂತ ಮೊದಲೇ ಎದ್ದು ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದಳು. ಬಸಿರಿ ಹೆಂಗಸು ಯಾಕೆ ಹೊಗೆಯಲ್ಲಿ ಕೂರುತ್ತಾಳೆ ಎಂದರೆ ಕೇಳುತ್ತಿರಲಿಲ್ಲ. ಹಂಡೆಯ ಕಂಠಕ್ಕೆ ತಂತಿ ಕಟ್ಟಿ ನೀರೊಳಗೆ ಇಳಿಬಿಟ್ಟ ಡಬ್ಬಿಯೊಂದು ಜೋತಾಡುತ್ತಿತ್ತು. ಇದೇನೆಂದರೆ "ಬೇವಿನ ತಪ್ಪಲ ಕುದಸಾಕ್ರಿ ಅತ್ತಿಯವರ" ಎಂದಿದ್ದಳು. ಬೇವಿನ ತಪ್ಪಲಂತೆ! ಅಡುಗೆಮನೆ ಮೈಲಿಗೆಯಾಗಬಾರದೆಂದು ಹುಡುಗಿ ಬಚ್ಚಲಲ್ಲಿ ಬೇಯಿಸಿದ್ದಾಳೆ. ಅದೇ ಹಂಡೆಯ ನೀರನ್ನು ಮೈಮೇಲೆ ಸುರುವಿಕೊಂಡು ಸೋಮವ್ವ ದಿನಾ ಲಿಂಗಪೂಜೆಗೆ ಕೂತಿದ್ದಾಳೆ.

ಅವಳ ಮೈ ಉರಿದುಹೋಯಿತು. ಹೋದ ವರ್ಷ ಕರ್ಜಗಿಯಲ್ಲಿ, ಖಾಸಾ ತಂಗಿಯ ಮನೆಯಲ್ಲಿ, ತಂಗಿಯ ಮಗ ತತ್ತಿ ತಿನ್ನುತ್ತಾನೆಂದು ಗೊತ್ತಾದ ಕೂಡಲೇ ನೀರು ಸಹ ಕುಡಿಯದೆ ಎದ್ದು ಬಂದವಳು ಇವಳು. ಬಂದು ಓಣಿಗೆಲ್ಲ ಹೇಳಿದವಳೂ ಇವಳೇ.

"ಬರ್ಲಿ, ಇವತ್ತ ಬರ್ಲಿ ಮನಿಗೆ" ಎಂದು ಒಬ್ಬಳೇ ಗೊಣಗುತ್ತ, ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಅಲ್ಲಿಯವರೆಗೆ ಈ ಪೊಟ್ಟಣ ಎಲ್ಲಿಡುವುದು? ಅಡುಗೆಮನೆ ಸಲ್ಲದು. ಪಡಸಾಲೆಯಲ್ಲಿ ದೇವರ ಮಾಡು. ಹಿತ್ತಿಲಲ್ಲಿಟ್ಟರೆ ಬೆಕ್ಕು. ಮನೆಯೆಲ್ಲ ತಿರುಗಿ ಕೊನೆಗೆ ತನ್ನ ಟ್ರಂಕು ತೆಗೆದಳು. ಮೇಲೆಯೇ ಕೂಸಿನ ತಲೆಗೆ ಹಾಕುವ ಎರಡು ಕುಲಾವಿಗಳಿದ್ದವು, ಖಣದ ಬಟ್ಟೆಯಲ್ಲಿ ಅವಳೇ ಹೊಲಿದವು. ಮೊದಲನೆಯದನ್ನು ಹೊಲಿದಾಗ ಸುರೇಖಾಳ ಬಸಿರು ನಾಲ್ಕನೇ ತಿಂಗಳಿಗೇ ಇಳಿದುಹೋಯಿತು. ಎರಡನೆಯದು ಆರನೇ ತಿಂಗಳಿಗೆ. ಈ ಸಲ ಹೆದರಿಕೆಗೆ ಸೂಜಿಯನ್ನೇ ಹೊರಗೆ ತೆಗೆದಿರಲಿಲ್ಲ. ಮೆತ್ತಗಿನ ಜಾಗ ಬೇರೆ ಕಾಣಲಿಲ್ಲ. ಮುಟ್ಟಲೋ ಬೇಡವೋ ಎಂಬಂತೆ ಪೊಟ್ಟಣವನ್ನು ಆ ಎರಡು ಕುಲಾವಿಗಳ ನಡುವೆ ಇಟ್ಟು ಮುಚ್ಚಳ ಹಾಕಿದಳು.

ಸಂಜೆ ಗಂಡ ಹೆಂಡತಿ ಬಸ್ಸಿಳಿದು ಬಂದರು. ಮಗ ಪ್ರವೀಣಕುಮಾರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಎಂದೂ ನಗದ ಅವನ ಮುಖದಲ್ಲೂ ಆವತ್ತು ಗೆಲುವಿತ್ತು. ಸುರೇಖಾ ಚಪ್ಪಲಿ ಬಿಡುವುದರೊಳಗೇ ಹೇಳಿದಳು.

"ಮೈಯಾಗ ರಕ್ತ ಏರೇತಂತ್ರಿ ಅತ್ತಿಯವರ! ಕೂಸು ಛಲೋ ಬೆಳದೈತಂತ. ಈಗ ಏನು ತಿನ್ನಾಕತ್ತೀರಿ, ಅದನ್ನ ಬಿಡಬ್ಯಾಡ್ರಿ ಅಂದ್ರು ಡಾಕ್ಟರಬಾಯಿ."

"ಏನು ತಿನ್ನಾಕತ್ತಿ?"

ಕೇಳಬೇಕೆಂದು ಕೇಳಿದ್ದಲ್ಲ, ಮಾತು ಜಾರಿತು. ಸುರೇಖಾಳ ಮುಖ ಒಮ್ಮೆಲೇ ಇಳಿದುಹೋಯಿತು. ಪ್ರವೀಣಕುಮಾರ ನಡುವೆ ಬಾಯಿ ಹಾಕಿದ. "ನೀ ಮಾಡಿ ಹಾಕತೀಯಲ್ಲ ಯವ್ವಾ, ಹುರುಳಿ ಕಟ್ಟು, ರಾಜಗಿರಿ ಪಲ್ಯೆ. ಅದನ್ನ."

ಹುಡುಗಿ ಅತ್ತ ತಿರುಗಿ ಚಪ್ಪಲಿಗಳನ್ನು ಗೋಡೆಯ ಬದಿಗೆ ಸರಿಸಿದಳು. ದಿನವಿಡೀ ಜೋಡಿಸಿಟ್ಟ ಮಾತೆಲ್ಲ ಸೋಮವ್ವನ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಮಾತು ಆಡಿದರೆ ಸಾಕು, ಇವಳು ನಾಳೆಯಿಂದ ಮುಟ್ಟುವುದಿಲ್ಲ. ಯಾರಾದರೂ ಕಣ್ಣು ಕೆಂಪಗೆ ಮಾಡಿದರೆ ಎದುರಿನ ತಾಟು ಬಿಟ್ಟು ಏಳುವ ಹೆಣ್ಣು ಇದು. ಆಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ? ಮೂರನೆಯ ಸಲ?

"ಛಲೋ ಆತು" ಎಂದಳು ಸೋಮವ್ವ. "ಕೈಕಾಲು ತೊಳಕೊಂಡು ಉಣ್ಣಾಕ ಬರ್ರಿ."

ಉಣ್ಣುವಾಗ ಪ್ರವೀಣಕುಮಾರ ಪೇಟೆಯ ಸುದ್ದಿ ಹೇಳಿದ. "ಮಹಾರಾಷ್ಟ್ರದಾಗ ಕೋಳಿಗೆ ಜ್ವರ ಬಂದೈತಂತ. ಮಂದಿ ಹೆದರಿ ಯಾರೂ ತಗೋವಲ್ಲರು. ಬಸ್ ಸ್ಟ್ಯಾಂಡಿನ್ಯಾಗ ಬಿಸ್ಮಿಲ್ಲಾಬಿ ರೂಪಾಯಿಗೊಂದು ತತ್ತಿ ಅಂತ ಕೂಗಾಕತ್ತಾಳ."

ಸುರೇಖಾ ತಲೆ ಬಗ್ಗಿಸಿ ರೊಟ್ಟಿ ಮುರಿದಳು. ಸೋಮವ್ವನ ಕೈ ತಾಟಿನಲ್ಲೇ ನಿಂತಿತು. ರೂಪಾಯಿಗೊಂದು! ತಾನು ಕೊಟ್ಟದ್ದು ಆರಕ್ಕೆ ಹದಿನೈದು. ಬೆಳಿಗ್ಗೆ ಮೈಲಿಗೆಗೆ ಉರಿದ ಮೈ ಈಗ ದರಕ್ಕೆ ಉರಿಯಿತು. ಖರೆ ಹೇಳಬೇಕೆಂದರೆ ಎರಡನೆಯ ಉರಿಯೇ ಜೋರಾಗಿತ್ತು. ಆ ಉಚ್ಚಂಗಿ ತತ್ತಿ ಮಾರುತ್ತಿಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು ಮಾರುತ್ತಿದ್ದಾಳೆ. ಕದ್ದು ಒಯ್ಯುವ ಹುಡುಗಿ ದರ ಕೇಳುವುದುಂಟೇ? ಕೋಳಿಗೆ ಜ್ವರ ಬರಲಿ, ಸಾಯಲಿ, ಬಿಳೇ ಬಟಾಟಿಯ ದರ ಇಳಿಯುವುದಿಲ್ಲ.

ಮರುದಿನ ಸುರೇಖಾ ಮಧ್ಯಾಹ್ನದ ಊಟ ಮುಗಿಸಿ ಒರಗಿದ ಮೇಲೆ ಸೋಮವ್ವ ಚೀಲ ಹಿಡಿದು ಹೊರಬಿದ್ದಳು. ಟ್ರಂಕಿನ ಪೊಟ್ಟಣವೂ ಚೀಲದಲ್ಲಿತ್ತು. ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಮೆಣಸಿನಕಾಯಿ ಗಾಡಿಗಳ ಸಾಲು, ಮೂಗಿಗೆ ಸೆರಗು ಹಿಡಿದೇ ನಡೆಯಬೇಕು. ಸೋಮವ್ವನಿಗೆ ಅದು ಅನುಕೂಲವೇ ಆಯಿತು. ಆದರೂ ಬಿಸ್ಮಿಲ್ಲಾಬಿಯ ಕಟ್ಟೆಯನ್ನು ಒಮ್ಮೆ ದಾಟಿ ಹೋದಳು. ಆಚೆಯ ಬಾಳೆಹಣ್ಣಿನ ಗಾಡಿಯವನನ್ನು ಬೇಕಿಲ್ಲದ ಬಾಳೆಹಣ್ಣಿನ ದರ ಕೇಳಿ, ತಿರುಗಿ ಬಂದಳು.

"ಬರ್ರಿ ಅವ್ವಾರ" ಎಂದಳು ಬಿಸ್ಮಿಲ್ಲಾಬಿ. ಸುತ್ತಲೂ ತತ್ತಿಯ ಟ್ರೇಗಳು ಎದೆಮಟ ಪೇರಿಸಿದ್ದವು. "ದಾರಿ ತಪ್ಪಿ ಬಂದೀರೋ, ಬೇಕಂತ ಬಂದೀರೋ?"

"ಬೇಕಂತನ ಬಂದೇನಿ. ಈ ಜ್ವರದ ತತ್ತಿ ಬಸಿರಿ ಹೆಣಮಗಳಿಗೆ ಕೊಡಬಹುದೇನ? ಖರೇ ಹೇಳು."

ಬಿಸ್ಮಿಲ್ಲಾಬಿ ನಗು ನಿಲ್ಲಿಸಿದಳು. "ನಮ್ಮ ಕಡೆ ಕೋಳಿಗೆ ಏನೂ ಬಂದಿಲ್ರಿ. ಪೂರ್ತಿ ಬೇಯಿಸಿ ತಿಂದ್ರ ಏನೂ ಆಗೂದಿಲ್ಲಂತ ಸರಕಾರಿ ದವಾಖಾನಿ ಡಾಕ್ಟರು ಅಂದಾರ. ನನ್ನ ಸೊಸೀನೂ ಬಸಿರದಾಳ. ದಿನಾ ತಿನ್ನಾಕತ್ತಾಳ, ನಿಮ್ಮಾಣಿ."

ಆಣೆ ಕೇಳಿ ಸೋಮವ್ವನಿಗೆ ಅರ್ಧ ಧೈರ್ಯ ಬಂತು. ಇನ್ನು ಆರಿಸುವ ಕೆಲಸ. ಮೆಣಸಿನಕಾಯಾದರೆ ಸುಕ್ಕು ನೋಡಬೇಕು, ಬದನೆಕಾಯಾದರೆ ತೊಟ್ಟು ನೋಡಬೇಕು. ಇದರಲ್ಲಿ ಏನು ನೋಡುವುದು? ಎಲ್ಲವೂ ಒಂದೇ ಬಣ್ಣ, ಒಂದೇ ರೂಪ. ಅವಳು ಗಟ್ಟಿ ಮನಸ್ಸು ಮಾಡಿ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಜೋರಾಗಿ ಅಲುಗಾಡಿಸಿದಳು.

"ಅಯ್ಯಯ್ಯ ಅವ್ವಾರ!" ಬಿಸ್ಮಿಲ್ಲಾಬಿ ಅದನ್ನು ಕಸಿದುಕೊಂಡಳು. "ಅದೇನು ತೆಂಗಿನಕಾಯಿ ಅಂತ ಮಾಡೀರೇನು? ಕಾಯಾಗ ನೀರು ಗುಳುಗುಳು ಅಂದ್ರ ಛಲೋ. ಇದು ಗುಳುಗುಳು ಅಂದ್ರ ಕೆಟ್ಟೈತಿ ಅಂತ ಅರ್ಥ!"

ಬಾಳೆಹಣ್ಣಿನ ಗಾಡಿಯವನು ಕಿಸಕ್ಕನೆ ನಕ್ಕ. ಸೋಮವ್ವನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆದರೆ ತನ್ನನ್ನು ನೋಡಿ ಬಿಸ್ಮಿಲ್ಲಾಬಿಯ ಹೊಟ್ಟೆ ಕುಣಿಯುವುದನ್ನು ಕಂಡು ಅವಳಿಗೂ ನಗು ಬಂದೇಬಿಟ್ಟಿತು.

"ನಮಗೇನು ಗೊತ್ತಬೇ! ಹ್ಯಾಂಗ ತಿಳಕೋಬೇಕು ಮತ್ತ?"

"ನೀರಾಗ ಬಿಡ್ರಿ. ತಳಕ್ಕ ಹೋಗಿ ಮಲಗಿದ್ರ ಛಲೋ. ಮ್ಯಾಲ ತೇಲಿದ್ರ ಕೆಟ್ಟದ್ದು. ತೇಲಿದ್ದು ನನಗ ತಂದು ಕೊಡ್ರಿ, ಬದಲಿ ಕೊಡತೇನಿ."

"ಡಜನಿಗೆ ಎಂಟು ರೂಪಾಯಿ ತಗೋ."

"ಮುಳುಗಿ ಹೋಗಾಕತ್ತೇನ್ರಿ ನಾನು, ಇನ್ನೂ ಚೌಕಾಸಿ ಮಾಡತೀರಿ! ಹತ್ತು ಕೊಡ್ರಿ, ಬೋಣಿಗಿ ಆಗ್ಲಿ."

ಹತ್ತಕ್ಕೆ ಮುಗಿಯಿತು.

ಶಂಕ್ರಪ್ಪನ ಅಂಗಡಿಯ ಮುಂದೆ ಮೂವರು ಹೆಂಗಸರು ನಿಂತಿದ್ದರು. ಅವರೆಲ್ಲ ಹೋಗಲಿ, ಆಮೇಲೆ ಮೆಲ್ಲಗೆ ಪೊಟ್ಟಣ ತಿರುಗಿ ಕೊಟ್ಟರಾಯಿತು ಎಂದುಕೊಂಡಿದ್ದ ಸೋಮವ್ವ ಬದಿಗೆ ನಿಂತಳು. ಹೆಂಗಸರು ಹೋಗುವ ಹಾಗೆ ಕಾಣಲಿಲ್ಲ. ಕೊನೆಗೆ ಗಲ್ಲೆಯ ಮೇಲೆ ಪೊಟ್ಟಣ ಇಟ್ಟು, "ಇದು ತಿರುಗಿ ತಗೋ" ಎಂದಳು.

ಉಚ್ಚಂಗೆವ್ವ ಪೊಟ್ಟಣ ನೋಡಿದಳು, ನಿಂತ ಹೆಂಗಸರನ್ನು ನೋಡಿದಳು, ನಿಶ್ಚಿಂತೆಯಿಂದ ಹೇಳಿದಳು. "ಮನಿಗೆ ಹೋದದ್ದು ತಿರುಗಿ ತಗೊಳ್ಳೂದಿಲ್ಲ ಸೋಮಕ್ಕಾ. ನಿಮ್ಮಂಥಾ ಮನಿ ಮಂದಿ ಈ ವಿಷಯ ದೊಡ್ಡದು ಮಾಡಬಾರದು."

ಅಷ್ಟು ಸಾಕಾಯಿತು.

"ಯಾಕ ಮಾಡಬಾರದು? ತತ್ತಿ! ಬಟಾಟಿ ಅಲ್ಲ, ತತ್ತಿ! ಬಸ್ ಸ್ಟ್ಯಾಂಡಿನ್ಯಾಗ ರೂಪಾಯಿಗೊಂದು ಕೂಗಾಕತ್ತಾರ, ನೀ ನನ್ನ ಸೊಸಿ ಕಡೆ ಎರಡೂವರಿ ತಗೋತಿ. ಆಕಿ ಬಸಿರದಾಳ, ಡಾಕ್ಟರು ತಿನ್ನಂದಾರ, ತಿಂತಾಳ. ನಾನ ತಂದು ಕೊಡತೇನಿ. ತಗಿ ನನ್ನ ಹದಿನೈದು ರೂಪಾಯಿ!"

ಮೂವರಲ್ಲಿ ಒಬ್ಬಳು ರುದ್ರಮುನಿ ಮಾಸ್ತರರ ಹೆಂಡತಿ ಶೀಲಾ, ದಿನಾ ಮಠಕ್ಕೆ ಹೋಗಿ ಬರುವ ಮನೆಯವಳು. ಆಕೆ ತನ್ನ ಚೀಲದ ಬಾಯಿಯನ್ನು ಮುದುಡಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು.

"ಖರೇನ ರೂಪಾಯಿಗೊಂದೇನ್ರಿ ಸೋಮಕ್ಕಾರ?"

ಉಚ್ಚಂಗೆವ್ವ ಗಲ್ಲೆ ತೆರೆದು ಹದಿನೈದು ರೂಪಾಯಿ ಎಣಿಸಿಕೊಟ್ಟಳು.

ರೊಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ಮನೆ ದಾಟಿದ ಮೇಲೆ ಸೋಮವ್ವನಿಗೆ ಹೆದರಿಕೆ ಹತ್ತಿತು. ಏನು ಮಾಡಿಬಿಟ್ಟೆ? ಸಂಜೆಯೊಳಗೆ ಈ ಮಾತು ಊರೆಲ್ಲ ಆಗುತ್ತದೆ, ನಾಳೆ ಕರ್ಜಗಿಗೂ ಮುಟ್ಟುತ್ತದೆ. ತಂಗಿ ನಗುತ್ತಾಳೆ. ನಗಲಿ, ಒಮ್ಮೆ ಹೋಗಿ ಅವಳ ಮನೆಯ ನೀರು ಕುಡಿದು ಬಂದರಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಮನೆ ಸೇರಿದಳು.

ಸುರೇಖಾ ಹಿತ್ತಿಲ ಬಾಗಿಲಲ್ಲಿ ಎದ್ದು ಕೂತಿದ್ದಳು. ಸೋಮವ್ವ ಚೀಲ ತಂದು ಅವಳ ಮುಂದಿಟ್ಟು ಬಿಚ್ಚಿದಳು. ಸುರೇಖಾ ನೋಡಿದಳು. ಕಣ್ಣಲ್ಲಿ ನೀರು ಬಂತು.

"ಅತ್ತಿಯವರ... ತಪ್ಪಾತ್ರಿ. ಇನ್ನ ಮ್ಯಾಲ ಮುಟ್ಟೂದಿಲ್ಲ..."

"ಮುಟ್ಟದಿದ್ರ ನೋಡು! ಊರ ಮುಂದ ಬಾಯಿ ಮಾಡಿ ಬಂದೇನಿ, ಈಗ ನೀ ತಿನ್ನದಿದ್ರ ನನ್ನ ಮಾರಿ ಏನಾಗಬೇಕು?" ಸೋಮವ್ವ ಅಟ್ಟದಿಂದ ಹಳೆಯ ಅಲ್ಯುಮಿನಿಯಂ ಬೋಗುಣಿ ಇಳಿಸಿದಳು. "ತಗೋ, ಇದು ನಿಂದು. ಹಿತ್ತಲದಾಗ ಮೂರು ಕಲ್ಲು ಹೂಡಿ ಕುದಸು. ನನ್ನ ಜಳಕದ ಹಂಡೇಕ ಮಾತ್ರ ಕೈ ಹಚ್ಚಬ್ಯಾಡ. ಅಳೂದು ನಿಲ್ಲಸು. ಕೂಸಿಗೆ ಕೇಳಸ್ತೈತಿ. ನೀರು ಹಾಕು ಇದರಾಗ."

ಸುರೇಖಾ ಸೆರಗಿನಿಂದ ಮೂಗು ಒರೆಸಿಕೊಂಡು ಬೋಗುಣಿಗೆ ನೀರು ಸುರುವಿದಳು. ಸೋಮವ್ವ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತತ್ತಿ ಎತ್ತಿ ನೀರಿಗೆ ಬಿಟ್ಟಳು. ಮೊದಲಿನವು ನೆಟ್ಟಗೆ ತಳಕ್ಕೆ ಹೋದವು. ಒಂದು ತೇಲಿತು. "ಇದನ್ನ ಬದಿಗಿಡು, ನಾಳೆ ಬಿಸ್ಮಿಲ್ಲಾಬಿಗೆ ತಿರುಗಿ ಕೊಡಬೇಕು" ಎಂದಳು. ಚೀಲದಲ್ಲಿ ಕೊನೆಯದೊಂದು ಉಳಿದಿತ್ತು.

"ಇದನ್ನ ನೀ ಬಿಡು."

ಸುರೇಖಾ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಗ್ಗಿ, ನೀರಿನ ಮೇಲ್ಗಡೆಯೇ ಬೆರಳು ಸಡಿಲಿಸಿದಳು. ತತ್ತಿ ಅರ್ಧಕ್ಕೆ ಹೋಗಿ, ದಪ್ಪ ತುದಿ ಮೇಲೆ ಮಾಡಿ, ಒಂದು ಗಳಿಗೆ ಹಾಗೇ ನೆಟ್ಟಗೆ ನಿಂತಿತು. ಅತ್ತೆ ಸೊಸೆ ಇಬ್ಬರೂ ಉಸಿರು ಹಿಡಿದು ಬೋಗುಣಿಯ ಮೇಲೆ ಬಗ್ಗಿದರು. ಅದು ಮೆಲ್ಲಗೆ ವಾಲಿತು, ಇನ್ನಷ್ಟು ಕೆಳಗಿಳಿಯಿತು, ಉಳಿದವುಗಳ ನಡುವೆ ಜಾಗ ಮಾಡಿಕೊಂಡು ತಳದಲ್ಲಿ ಮಲಗಿತು.