ಸತ್ಯಮೂರ್ತಿಗಳ ‘ಇದ್ದೀತು’

ಸತ್ಯಮೂರ್ತಿಗಳ ಬಾಯಿಂದ ಒಂದು ಖಚಿತವಾದ ಮಾತು ಕೇಳಿದವರು ವಿಜಯವಾಡದ ಭವಾನಿಪುರಂನಲ್ಲಿ ಯಾರೂ ಇರಲಿಲ್ಲ. ಮಳೆ ಬರುತ್ತದೆಯೇ ಎಂದರೆ ‘ಬಂದೀತು’, ಇದು ನಿಮ್ಮ ಮನೆಯೇ ಎಂದರೆ ‘ಇದ್ದೀತು’. ಧಾರವಾಡದಿಂದ ಬಂದು ಆಂಧ್ರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಲೇ ತಲೆ ನರೆತ ಈ ಮನುಷ್ಯ, ಬೆವರು ಕಿತ್ತುಕೊಂಡು ಬರುವ ಸೆಕೆಯಲ್ಲೂ ಬಂಡೆಗಲ್ಲಿನ ಬಣ್ಣದ ಮಾಸಿದ ಕೋಟು ತೊಟ್ಟು, ಎರಡು ಹೆಜ್ಜೆ ಇಟ್ಟು ನಿಂತು, ಮತ್ತೆರಡು ಹೆಜ್ಜೆ ಇಟ್ಟು ನಿಂತು ನಡೆಯುತ್ತಿದ್ದರು. ತರಕಾರಿಗೆ ಹೋದವರು ಊಟದ ಹೊತ್ತಿಗೂ ಬರದಿದ್ದರೆ ಹೆಂಡತಿ ಅನುಸೂಯಾ ಹುಡುಕುತ್ತಿರಲಿಲ್ಲ. ಯಾವುದೋ ಕಾಂಪೌಂಡಿನ ಮೇಲೆ ಓತಿಕ್ಯಾತ ಕಂಡಿರಬೇಕೆಂದು ತಟ್ಟೆ ಮುಚ್ಚಿಡುತ್ತಿದ್ದರು.

ಆ ಕೋಟೂ ನಡಿಗೆಯೂ, ಓತಿಗಳು ಬೆದರಬಾರದೆಂದು ವಿಶಾಖಪಟ್ಟಣದ ಗುಡ್ಡಗಳಲ್ಲಿ ರೂಢಿಸಿಕೊಂಡದ್ದು. ಎಂಬತ್ತರ ದಶಕ, ಊರಂಚಿನ ಮಧುರವಾಡದಾಚೆ ಇನ್ನೂ ಮನೆಗಳೆದ್ದಿರಲಿಲ್ಲ. ಬಂಡೆಗಳ ಮೇಲೆ ಕೊರಳು ಕೆಂಪೇರುವ ಓತಿಗಳು, ಕೆಳಗಿನ ಪೊದೆಗಳಲ್ಲಿ ಕೊರಳು ಹಳದಿಯಾಗುವ ಇನ್ನೊಂದು ಜಾತಿ, ಎರಡೂ ಕೂಡುವ ಗುಡ್ಡದ ಬುಡದಲ್ಲಿ ಮಿಶ್ರಸಂತಾನ. ಎರಡೂ ಜಾತಿಯ ಹೆಣ್ಣುಗಳು ಕೆಂಪು ಕೊರಳಿನ ಗಂಡನ್ನೇ ವರಿಸುತ್ತವೆ, ಹೀಗಾಗಿ ಹಳದಿಯ ಕುಲ ಕ್ರಮೇಣ ಕೆಂಪಿನಲ್ಲಿ ಕರಗಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಡಾಕ್ಟರೇಟ್ ಅದರ ಮೇಲೆ ನಿಂತಿತ್ತು, ರೀಡರ್ ಹುದ್ದೆಯ ಬಡ್ತಿ ಡಾಕ್ಟರೇಟಿನ ಮೇಲೆ. ಆಗ ಅವರು ಮೇಜು ಕುಟ್ಟಿ ‘ಹೌದು’ ಎನ್ನುತ್ತಿದ್ದ ಮನುಷ್ಯ.

ದೂರದಿಂದ ಗುರುತು ಸಿಗಲೆಂದು ಗುಡ್ಡದ ಗಂಡುಗಳ ಬೆನ್ನಿಗೆ ಹೆಂಡತಿಯ ಕೆಂಪು ಉಗುರುಬಣ್ಣವನ್ನೂ ಪೊದೆಯ ಗಂಡುಗಳಿಗೆ ಬಿಳಿಯನ್ನೂ ಹಚ್ಚುವುದು ಅವರ ಪದ್ಧತಿ. ಪ್ರಬಂಧ ಟೈಪಿಗೆ ಹೋಗುವ ಮುನ್ನ ಒಂದು ಸಂಜೆ ಅನುಸೂಯಾ ಎದುರಿಗೆ ಬಂದು ನಿಂತರು.

“ಮತ್ತ ನನ್ನ ಬಾಟ್ಲಿ ಖಾಲಿ ಮಾಡೀರಿ. ಅಲ್ರೀ, ಆ ಹೆಣ್ಣು ಒಲಿಯೂದು ಗಂಡಿಗೋ, ನೀವು ಹಚ್ಚಿದ ಬಣ್ಣಕ್ಕೋ?”

ಸತ್ಯಮೂರ್ತಿಗಳು ಪ್ರಬಂಧವನ್ನು ತಡೆಹಿಡಿದು, ಮುಂದಿನ ಬೇಸಗೆಯಲ್ಲಿ ಬಣ್ಣ ಅದಲುಬದಲು ಮಾಡಿ ಕಾದರು. ಹೆಣ್ಣುಗಳು ಗುಡ್ಡದ ಧೀರರನ್ನು ಬಿಟ್ಟು, ಬೆನ್ನಿಗೆ ಕೆಂಪು ಹಚ್ಚಿಸಿಕೊಂಡ ಪೊದೆಯ ಬಡಪಾಯಿಗಳ ಹತ್ತಿರ ಹೋದವು. ಅವರು ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಅಳೆದದ್ದು ಹೆಂಡತಿಯ ಉಗುರುಬಣ್ಣದ ಮಹಿಮೆಯನ್ನು.

“ಎವರು ಚೂಸ್ತಾರಂಡಿ?” ಎಂದರು ಮಾರ್ಗದರ್ಶಕರಾದ ದಕ್ಷಿಣಾಮೂರ್ತಿ. ಗುಡ್ಡ ಹತ್ತಿ ಯಾರು ನೋಡಬಂದಾರು, ಈ ಬೇಸಗೆಯ ಮಾತೆತ್ತದೆ ಒಪ್ಪಿಸಿಬಿಡಿ ಎಂದು ಪ್ರೀತಿಯಿಂದಲೇ ಹೇಳಿದರು. ಸತ್ಯಮೂರ್ತಿಗಳು ಒಪ್ಪಿಸಲಿಲ್ಲ. ಡಾಕ್ಟರೇಟ್ ಬರಲಿಲ್ಲ, ಹುದ್ದೆಯೂ ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುವ ಕಸುವೂ ಉಳಿದಿರಲಿಲ್ಲ. ವಿಜಯವಾಡಕ್ಕೆ ಬಂದು, ಲೆಕ್ಚರರಾಗಿಯೇ ದಣಿದು, ನಿವೃತ್ತರಾದರು.

ತೊಂಬತ್ತರ ದಶಕದ ಕೊನೆಯ ಒಂದು ಸಂಜೆ, ಕಾಂಪೌಂಡಿನ ಮೇಲೆ ಗಂಡು ಓತಿಯೊಂದು ಕೊರಳುಬ್ಬಿಸಿ ತಲೆ ಕುಣಿಸುತ್ತಿತ್ತು. ಅನುಸೂಯಾ ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟರು.

“ನಾ ಅವತ್ತ ಸುಮ್ಮನಿದ್ದಿದ್ರ ಚಲೋ ಇತ್ತೇನ್ರಿ?”

ಸತ್ಯಮೂರ್ತಿಗಳು ಓತಿಯಿಂದ ಕಣ್ಣು ಕೀಳಲಿಲ್ಲ. “ಇಲ್ಲ,” ಎಂದರು.

ಇಂಥವರು ಬಾಳಿನುದ್ದಕ್ಕೂ ಅನುಮಾನದಲ್ಲೇ ನಡೆಯುತ್ತಾರೆ. ಅವರಿಗೆ ನಿಶ್ಚಯವಾಗಿ ಗೊತ್ತಿರುವ ಸಂಗತಿ ಒಂದೋ ಎರಡೋ. ಅದಕ್ಕೆ ತೆತ್ತ ಬೆಲೆಯಿಂದ ಸುಸ್ತಾಗಿ ಕೂತಿರುತ್ತಾರೆ, ಆದರೆ ಅದನ್ನು ಹಿಂದಿರುಗಿಸಿರೆಂದರೆ ಕೊಡುವುದಿಲ್ಲ.