ತಪ್ಪು ದಿಕ್ಕಿನ ಬೆಂಚುಗಳು

ಬಾಯಿ ಜೋರೆಂದು ಮನೆಯಲ್ಲಿ ಅವಳನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ನಗರ ವಿನ್ಯಾಸ ಕಲಿಯುತ್ತೇನೆಂದು ಸಮುದ್ರ ದಾಟಿ ಬಂದ ಈ ಬಾಯಮ್ಮ ಕೊನೆಯ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದಳು. ಇವತ್ತೂ ಹೊಡೆದರೆ ಗಂಟುಮೂಟೆ ಕಟ್ಟುವುದೇ.

ಪರೀಕ್ಷೆಯೆಂದರೆ ಬರೆಯುವುದಲ್ಲ. ಬಡಾವಣೆಯೊಂದರ ವಯಸ್ಸಾದವರು ಚಳಿಗಾಲದಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂರುವಂಥ ಒಂದು ಚೌಕವನ್ನು ರಟ್ಟಿನಲ್ಲಿ ಕಟ್ಟಿ, ತೀರ್ಪುಗಾರರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕು. ಬಾಯಮ್ಮ ಉತ್ತರದ ಎತ್ತರದ ಗೋಡೆಗೆ ಒರಗಿಸಿ, ದಕ್ಷಿಣಕ್ಕೆ ಮುಖ ಮಾಡಿಸಿ ಬೆಂಚುಗಳನ್ನು ಸಾಲಾಗಿ ಅಂಟಿಸಿದ್ದಳು. ಅವಳಿಗೆ ಕಲಿಸುವ ಮೇಷ್ಟ್ರು ಅದನ್ನು ನೋಡಿದಾಗಲೆಲ್ಲ ಗಡ್ಡ ನೀವಿಕೊಂಡು "ಆಹಾ, ಎಂಥಾ ಸಂವೇದನೆ!" ಎಂದಿದ್ದರು.

ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನಿಗೆ ವಿಡಿಯೋ ಕರೆ ಮಾಡಿದಳು.

"ಇಲ್ಲಿ ಬಟ್ಟೆನೇ ಒಣಗಲ್ಲ ಕಣೇ ಅಕ್ಕ. ಒದ್ದೆ ಪ್ಯಾಂಟಲ್ಲೇ ಹೋಗ್ತಿದೀನಿ."

"ಬಿಸಿಲು ಬರೋ ಕಿಟಕಿಗೆ ಹಾಕೇ, ಪೆದ್ದಿ."

"ದಕ್ಷಿಣದ ಕಿಟಕಿಗೇ ಹಾಕಿದೀನಿ!"

"ಮತ್ತೆ ನಿನ್ನ ಹಿಂದೆ ಅಡುಗೆಮನೇಲಿ ಅಷ್ಟು ಬಿಸಿಲು ಬಿದ್ದಿದ್ಯಲ್ಲ?"

ಬಾಯಮ್ಮ ತಿರುಗಿ ನೋಡಿದಳು. ಅಡುಗೆಮನೆಯ ಕಿಟಕಿ ಇದ್ದದ್ದು ಉತ್ತರಕ್ಕೆ. ಊರಿನಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಭೂಮಿಯ ಕೆಳಗಿನ ಅರ್ಧದಲ್ಲಿರುವ ಈ ದೇಶದಲ್ಲಿ ಉತ್ತರಕ್ಕೆ. ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಅವಳು ಮಾತ್ರ ಊರಿನ ಸೂರ್ಯನನ್ನು ತಲೆಯಲ್ಲಿಟ್ಟುಕೊಂಡು ಬಂದು, ಮುದುಕರನ್ನೆಲ್ಲ ಗೋಡೆಯ ನೆರಳಲ್ಲಿ ಕೂರಿಸಿ ನಡುಗಿಸಲು ಹೊರಟಿದ್ದಳು. ಛೇ!

ಸರಿಪಡಿಸಲು ಹೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರಾಯಿತು, ಮೇಷ್ಟ್ರಿಗೇ ಗೊತ್ತಾಗದ್ದು ಇನ್ಯಾರಿಗೆ ಗೊತ್ತಾದೀತು ಎಂದುಕೊಂಡೇ ಒಳಗೆ ಹೋದಳು.

ಮೇಷ್ಟ್ರ ಪಕ್ಕದಲ್ಲಿ ಇಬ್ಬರು ಪಂಡಿತರು, ಕೊನೆಗೆ ಆ ಬಡಾವಣೆಯ ಪರವಾಗಿ ಬಂದಿದ್ದ ಒಬ್ಬ ಅಜ್ಜಿ. ಪಂಡಿತರು ಪರಿಕಲ್ಪನೆ, ಅಸ್ಮಿತೆ ಅಂತ ತಲೆ ತಿಂದರು. ಬಾಯಮ್ಮ ಅರಳು ಹುರಿದಂತೆ ಉತ್ತರ ಕೊಟ್ಟಳು. ಆಮೇಲೆ ಅಜ್ಜಿ ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದರು:

"ಅಲ್ಲಮ್ಮಾ, ಈ ಬೆಂಚಿನ ಮೇಲೆ ಬಿಸಿಲು ಬೀಳುತ್ತಾ?"

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಆ ಮಂಡಿಯನ್ನು ನೋಡಿಕೊಂಡು ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ಇಲ್ಲ ಅಜ್ಜಿ. ಚಳಿಗಾಲ ಪೂರ್ತಿ ನೆರಳೇ. ನಮ್ಮೂರಿನ ಸೂರ್ಯನ್ನ ನಂಬ್ಕೊಂಡು ಕಟ್ಬಿಟ್ಟೆ."

ಮೇಷ್ಟ್ರು ಕೆಮ್ಮಿದರು. "ನಾನು ಆಗಲೇ ಎಚ್ಚರಿಸಿದ್ದೆ..."

"ಎಚ್ಚರಿಸಲಿಲ್ಲ ಸರ್. ಸಂವೇದನೆ ಅಂದ್ರಿ."

ಪಂಡಿತರಲ್ಲೊಬ್ಬರು ಕಿಸಕ್ಕನೆ ನಕ್ಕರು. ಹೇಗೂ ಕೆಟ್ಟಾಯಿತಲ್ಲ ಎಂದು ಬಾಯಮ್ಮ ಬೆಂಚುಗಳನ್ನು ಉಗುರಿನಿಂದ ಚರಚರನೆ ಕಿತ್ತಳು. ದಕ್ಷಿಣದ ಅಂಚಿನಲ್ಲಿ ಮೇಷ್ಟ್ರು ಹಟ ಹಿಡಿದು ಇಡಿಸಿದ್ದ ಕಾರಂಜಿಯನ್ನೂ ಕಿತ್ತುಹಾಕಿ, ಬೆಂಚುಗಳನ್ನು ಅಲ್ಲಿ ಉತ್ತರಕ್ಕೆ ಮುಖ ಮಾಡಿಸಿ ಒತ್ತಿದಳು.

"ಈಗ ಬೀಳುತ್ತೆ ಅಜ್ಜಿ."

ಮೇಷ್ಟ್ರು ಚರ್ಚೆಗೆಂದು ಎಲ್ಲರನ್ನೂ ಎಬ್ಬಿಸಲು ಹೋದರು. ಅಜ್ಜಿ ಏಳಲಿಲ್ಲ.

"ಚರ್ಚೆ ಎಂಥದ್ದು? ಅಲ್ಲಿ ಕೂರೋರು ನಾವು. ನೀವು ಮೂವರೂ ಇಷ್ಟು ಹೊತ್ತು ನೋಡಿದ್ರಲ್ಲ, ಒಬ್ರಾದ್ರೂ ಬಿಸಿಲಿನ ಮಾತೆತ್ತಿದ್ರಾ? ಇವಳನ್ನ ಫೇಲ್ ಮಾಡೋದಾದ್ರೆ ಸಾಲಾಗಿ ಎಲ್ಲರನ್ನೂ ಮಾಡ್ಬೇಕಾಗುತ್ತೆ."

ಮೇಷ್ಟ್ರು ಗಡ್ಡಕ್ಕೆ ಕೈ ಹಾಕಿದವರು ಹಾಗೇ ಕೂತರು. ಪಾಸು ಮಾಡಿದರು. ಬಾಯಮ್ಮ ಎಲ್ಲರೆದುರು ಗೊಳೋ ಎಂದು ಅತ್ತಳು.